ಮಗು ನೋಡಿಕೊಳ್ಳುವವರಿಗೂ ಒಂದು ಭಾನುವಾರ ಇರಲಿ

ಮೈಸೂರಿನ ಕುವೆಂಪುನಗರವಾಗಲಿ, ಗೋಕುಲಂ ಆಗಲಿ, ಮಗುವಿಗೆ ಐದು ತಿಂಗಳು ತುಂಬುತ್ತಿದ್ದಂತೆ ಕೆಲಸಕ್ಕೆ ಹೋಗುವ ತಾಯಂದಿರ ಮಾತೆಲ್ಲ ಒಂದೇ ಕಡೆ ಬಂದು ನಿಲ್ಲುತ್ತದೆ: ‘ಮಗು ನೋಡ್ಕೊಳ್ಳೋಕೆ ಯಾರಾದ್ರೂ ಗೊತ್ತಿದ್ರೆ ಹೇಳಿ.’

2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. 27ನೇ ವಾರ ಮಗು ಯಾರ ಕೈಯಲ್ಲಿ? 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಮಕ್ಕಳ ಪಾಲನಾ ಕೇಂದ್ರ ಒದಗಿಸಬೇಕೆಂದು ಅದೇ ತಿದ್ದುಪಡಿ ಹೇಳಿತು. ಅಂಗಡಿ, ಕ್ಲಿನಿಕ್, ಸಣ್ಣ ಶಾಲೆಗಳಲ್ಲಿ ದುಡಿಯುವವರಿಗೆ ಅದರಿಂದ ಏನೂ ಇಲ್ಲ. ಅಂಗನವಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುವುದು ಸಾಮಾನ್ಯವಾಗಿ ಮೂರು ವರ್ಷವಾದ ಮೇಲೆ. ಸರ್ಕಾರದ ‘ಕೂಸಿನ ಮನೆ’ ಶುರುವಾದದ್ದು ಗ್ರಾಮ ಪಂಚಾಯಿತಿಗಳಲ್ಲಿ, ನರೇಗಾ ಕೂಲಿ ಮಾಡುವ ತಾಯಂದಿರಿಗಾಗಿ. ಊರಿಂದ ಅಮ್ಮನೋ ಅತ್ತೆಯೋ ಬಂದಿರಲಾಗದಿದ್ದರೆ, ಬೆಳಿಗ್ಗೆ ಬಂದು ಸಂಜೆ ಹೋಗುವ ಆಯಾ ಒಬ್ಬರೇ ಗತಿ.

ಆಯಾ ಸಿಕ್ಕ ಕೂಡಲೇ ನಾವು ಆಧಾರ್ ಪ್ರತಿ, ಫೋಟೊ ಕೇಳುತ್ತೇವೆ. ಹಿಂದೆ ಕೆಲಸ ಮಾಡಿದ ಮನೆಗೆ ಫೋನ್ ಮಾಡುತ್ತೇವೆ. ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕುತ್ತೇವೆ, ಹಾಲ್‌ನಲ್ಲಿ ಕ್ಯಾಮೆರಾ ಕೂರಿಸುತ್ತೇವೆ. ತಪ್ಪಲ್ಲ, ಮಗುವಿನ ವಿಷಯ. ಆದರೆ ನಮ್ಮ ಕಡೆಯಿಂದ ಆಕೆಗೆ ಕೊಡುವ ಖಾತರಿ ಏನು? ಸಂಬಳ ಎಷ್ಟೆಂಬ ಒಂದು ಬಾಯಿಮಾತು, ಅಷ್ಟೇ.

ಜಗಳ ಹುಟ್ಟುವುದು ಅಲ್ಲಿಂದಲೇ. ಮಗುವಿಗೆ ರಾಗಿ ಸರಿ ಕಾಯಿಸುವುದು, ಬಟ್ಟೆ ಒಗೆಯುವುದು, ಸ್ನಾನ ಮಾಡಿಸುವುದು ಆಕೆಯ ಕೆಲಸ. ‘ಮಗು ಮಲಗಿದಾಗ ಸುಮ್ನೆ ಇರ್ತೀರಲ್ಲ, ಎರಡು ಪಾತ್ರೆ ತೊಳೆದುಬಿಡಿ’ ಎಂದು ಶುರುವಾಗಿ, ತಿಂಗಳೊಳಗೆ ಇಡೀ ಮನೆ ಒರೆಸುವ ಕೆಲಸವೂ ಅದೇ ಸಂಬಳದಲ್ಲಿ ಸೇರಿಹೋಗುತ್ತದೆ. ಮಲಗಿದ ಮಗುವಿನ ಮೇಲೆ ಕಣ್ಣಿಡುವುದೂ ಕೆಲಸವೇ ಎಂಬುದು ನಮಗೆ ಮರೆತೇ ಹೋಗುತ್ತದೆ.

ಸಂಜೆಯದು ಇನ್ನೊಂದು ಕಥೆ. ‘ಅರ್ಧ ಗಂಟೆ ತಡ ಆಗುತ್ತೆ ಅಕ್ಕ’ ಎಂದು ಫೋನ್ ಮಾಡುವುದು ನಮಗೆ ಸಲೀಸು. 2023ರ ಜೂನ್‌ನಲ್ಲಿ ಬಂದ ‘ಶಕ್ತಿ’ ಯೋಜನೆ ನಂಜನಗೂಡು, ಶ್ರೀರಂಗಪಟ್ಟಣದ ಕಡೆಯಿಂದ ಬರುವವರ ಟಿಕೆಟ್ ಹಣ ಉಳಿಸಿದೆ, ನಿಜ. ತಪ್ಪಿದ ಬಸ್ಸನ್ನು ಅದು ವಾಪಸ್ ಕರೆಸುವುದಿಲ್ಲ. ಆಕೆಯ ಮನೆಯಲ್ಲೂ ಸ್ಕೂಲಿಂದ ಬಂದು ಕಾಯುವ ಮಕ್ಕಳಿರುತ್ತಾರೆ. ದಸರೆಯಲ್ಲಂತೂ ನಮ್ಮ ಮನೆಗೆ ನೆಂಟರು, ರಸ್ತೆಗಳೆಲ್ಲ ಬಂದ್. ಆಗಲೇ ಆಕೆ ತಪ್ಪದೆ ಬರಬೇಕು!

ಕಾನೂನು ಇಲ್ಲವೇ ಎಂದರೆ, ಇದೆ. ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡುವುದರಲ್ಲಿ ಕರ್ನಾಟಕ 2004ರಲ್ಲೇ ಮುಂದಿತ್ತು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಕಣ್ಣಲ್ಲಿ ನಮ್ಮ ಮನೆಯೂ ‘ಕೆಲಸದ ಸ್ಥಳ’ವೇ, ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ 189ನೇ ಒಪ್ಪಂದ ಮನೆಗೆಲಸದವರಿಗೆ ವಾರಕ್ಕೆ ಕನಿಷ್ಠ ಸತತ 24 ಗಂಟೆ ವಿಶ್ರಾಂತಿ ಬೇಕೆನ್ನುತ್ತದೆ. ಅದನ್ನು ಭಾರತ ಇನ್ನೂ ಅನುಮೋದಿಸಿಲ್ಲ. ಹಾಗೆಂದು ನಮ್ಮ ಮನೆಯಲ್ಲಿ ಪಾಲಿಸಬೇಡಿ ಎಂದು ಯಾರೂ ತಡೆದಿಲ್ಲ.

ಆದ್ದರಿಂದ ಆಯಾ ಹುಡುಕುತ್ತಿರುವವರಲ್ಲಿ ಒಂದು ವಿನಂತಿ. ಒಂದು ಹಾಳೆ ತೆಗೆದುಕೊಳ್ಳಿ. ಬರುವ ಹೊತ್ತು, ಹೋಗುವ ಹೊತ್ತು, ಯಾವ ಕೆಲಸ ಆಕೆಯದು, ಯಾವುದು ಅಲ್ಲ, ವಾರದ ರಜೆ, ಕಾಯಿಲೆ ರಜೆ, ತಡವಾದರೆ ಎಷ್ಟು ಹೆಚ್ಚುವರಿ, ಹಬ್ಬದ ಬೋನಸ್, ಬಿಡಿಸುವ ಮುನ್ನ ಎಷ್ಟು ದಿನದ ಸೂಚನೆ, ಎಲ್ಲ ಕನ್ನಡದಲ್ಲಿ ಬರೆದು ಓದಿ ಹೇಳಿ. ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಆಕೆಗೆ ಕೊಡಿ. ಮೊದಲ ವಾರ ನೀವೂ ಮನೆಯಲ್ಲಿದ್ದು ಮಗುವಿಗೆ ಆಕೆಯನ್ನು ರೂಢಿ ಮಾಡಿಸಿ. ಕ್ಯಾಮೆರಾ ಇದ್ದರೆ ಅದನ್ನೂ ಮುಂಚೆಯೇ ತಿಳಿಸಿ. ಮಗುವನ್ನೇ ನಂಬಿ ಒಪ್ಪಿಸುವವರಿಗೆ ಒಂದು ಹಾಳೆಯ ಮಾತು ಕೊಡುವುದು ದೊಡ್ಡದಲ್ಲ.