ಹಲ್ಲಿಗೆ ಕ್ಲಿಪ್ಪು, ಕಿವಿಗೆ ಓಲೆ

ಬಿಸ್ಕತ್ ಪೊಟ್ಟಣ ತಿರುಗಿಸಿ ನೋಡಿದ್ರೆ ಒಳಗೇನೇನಿದೆ ಅಂತ ಬರೆದಿರುತ್ತೆ. ಆದ್ರೆ ಸಾವಿರಾರು ರೂಪಾಯಿ ಕೊಟ್ಟು, ಒಂದೆರಡು ವರ್ಷ ಬಾಯಲ್ಲೇ ಇಟ್ಟುಕೊಳ್ಳೋ ಹಲ್ಲಿನ ಕ್ಲಿಪ್ಪು ಯಾವ ಲೋಹದ್ದು ಅಂತ ಹಾಕಿಸಿಕೊಂಡವರನ್ನ ಕೇಳಿ ನೋಡಿ. "ಸ್ಟೀಲ್ ಇರ್ಬೇಕು" ಅಂತಾರೆ. ನನಗ್ಯಾಕೋ ಇದು ಸರಿ ಕಾಣ್ತಿಲ್ಲ.

ಈ ಹುಳ ತಲೆಗೆ ಬಿಟ್ಟಿದ್ದು ನಮ್ಮಕ್ಕ. ಅವಳ ಹನ್ನೆರಡು ವರ್ಷದ ಮಗಳಿಗೆ ಕ್ಲಿಪ್ ಹಾಕಿಸಬೇಕು. ಅಷ್ಟರಲ್ಲಿ ಯಾರೋ ವಾಟ್ಸಾಪಲ್ಲಿ, ಕ್ಲಿಪ್ಪಿನ ಲೋಹ ಜೊಲ್ಲಿಗೆ ಸೇರಿ ಮೈಗೆಲ್ಲಾ ವಿಷ ಏರುತ್ತೆ ಅಂತ ಕಳಿಸಿದ್ದಾರೆ. "ನೀನು ಇಂಜಿನಿಯರ್ ಅಲ್ವೇನೋ, ನಿಜಾನಾ ಹೇಳು" ಅಂದಳು. ನಾನು ಓದಿದ್ದು ಕಂಪ್ಯೂಟರ್ ಸೈನ್ಸು. ಅಕ್ಕನಿಗೆ ಎಲ್ಲಾ ಇಂಜಿನಿಯರುಗಳೂ ಒಂದೇ :)

ಲೋಹ ಜೊಲ್ಲಿಗೆ ಸೇರೋದು ನಿಜ. ಹಲ್ಲಿಗೆ ಅಂಟಿಸೋ ಬ್ರಾಕೆಟ್ಟು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿನದು. ಸುಮಾರು 18% ಕ್ರೋಮಿಯಂ, 8% ನಿಕ್ಕಲ್. ಮೊದಮೊದಲು ಹಾಕೋ ಬಳುಕುವ ತಂತಿ ನಿಕ್ಕಲ್-ಟೈಟಾನಿಯಂ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನಿಕ್ಕಲ್ಲೇ. ಫಸ್ಟ್ ಇಯರ್ ಕೆಮಿಸ್ಟ್ರಿಯ ತುಕ್ಕಿನ ಪಾಠ ನೆನಪಿದ್ಯಾ? ಸ್ಟೀಲನ್ನ ಕಾಯೋದು ಮೇಲಿನ ತೆಳು ಕ್ರೋಮಿಯಂ ಆಕ್ಸೈಡ್ ಪೊರೆ, ಈ ತಂತಿಯನ್ನ ಕಾಯೋದು ಟೈಟಾನಿಯಂ ಆಕ್ಸೈಡ್ ಪೊರೆ. ಜೊಲ್ಲಿನಲ್ಲಿರೋ ಉಪ್ಪು, ಸರಿಯಾಗಿ ಬ್ರಶ್ ಮಾಡದೆ ಕೂತ ಪಾಚಿಯ ಆಮ್ಲ, ಕೋಲಾದ ಹುಳಿ, ತಂತಿ-ಬ್ರಾಕೆಟ್ಟಿನ ತಿಕ್ಕಾಟ... ಎಲ್ಲಾ ಸೇರಿ ಆ ಪೊರೆಯನ್ನ ಅಲ್ಲಲ್ಲಿ ಕೆಡಿಸ್ತವೆ.

ಎಷ್ಟು ಅನ್ನೋದು ಮುಖ್ಯ. 1983ರಲ್ಲಿ ಪಾರ್ಕ್ ಮತ್ತು ಶಿಯರರ್ ಅನ್ನೋ ಸಂಶೋಧಕರು ಪೂರ್ತಿ ಬಾಯಿಗಾಗುವಷ್ಟು ಕ್ಲಿಪ್ಪನ್ನ ಉಪ್ಪುನೀರಲ್ಲಿ ಇಟ್ಟು ಅಳೆದರು. ದಿನಕ್ಕೆ ಸರಾಸರಿ 40 ಮೈಕ್ರೋಗ್ರಾಂ ನಿಕ್ಕಲ್, 36 ಮೈಕ್ರೋಗ್ರಾಂ ಕ್ರೋಮಿಯಂ. ಬೇಳೆ, ಕಡಲೆಕಾಯಿ, ಚಾಕೊಲೇಟ್ ಅಂತ ದಿನನಿತ್ಯದ ಊಟದಲ್ಲೇ ಇದಕ್ಕಿಂತ ಜಾಸ್ತಿ ನಿಕ್ಕಲ್ ಹೊಟ್ಟೆಗೆ ಹೋಗುತ್ತೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹಾಕಿದ ಮಿತಿ, ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 13 ಮೈಕ್ರೋಗ್ರಾಂ. 40 ಕೆಜಿಯ ಹುಡುಗಿಗೆ 520. ಹಾಗಾಗಿ ವಿಷದ ಮಾತು ಸುಳ್ಳು. ಇದಕ್ಕೆ ಹೆದರಿ ಚಿಕಿತ್ಸೆ ಬಿಡೋದು ದಡ್ಡತನ.

ಆದ್ರೆ "ಏನೂ ಆಗಲ್ಲ, ಹೋಗ್ರೀ" ಅಂತ ಸಾಗಹಾಕೋದನ್ನೂ ನಾನು ಒಪ್ಪಲ್ಲ. ಅಲರ್ಜಿ ಇರೋರಿಗೆ ಸರಾಸರಿ ಲೆಕ್ಕ ತಗೊಂಡು ಏನಾಗಬೇಕು? ಜಾತ್ರೇಲಿ ಕೊಂಡ ಓಲೆ ಹಾಕಿದ ಎರಡನೇ ದಿನಕ್ಕೆ ನಮ್ಮ ಹುಡುಗಿಯ ಕಿವಿ ಕೆಂಪಾಗಿ ನೀರು ಸೋರುತ್ತೆ. ನಿಕ್ಕಲ್ ಅಲರ್ಜಿಯ ಗುರುತು ಬಹಳಷ್ಟು ಸಲ ಇದೇ. ಕ್ಲಿನಿಕ್ಕಿನಲ್ಲಿ ತುಂಬಿಸಿಕೊಂಡ ಫಾರಂನಲ್ಲಿ ಔಷಧಿ ಅಲರ್ಜಿ ಬಗ್ಗೆ ಪ್ರಶ್ನೆ ಇತ್ತು, ಓಲೆ ಬಗ್ಗೆ ಇರಲಿಲ್ಲ.

1996ರಲ್ಲಿ ಪ್ರಕಟವಾದ ಫಿನ್‌ಲೆಂಡಿನ ಒಂದು ಅಧ್ಯಯನದಲ್ಲಿ, ಮೊದಲು ಕ್ಲಿಪ್ ಹಾಕಿಸಿ ಆಮೇಲೆ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ನಿಕ್ಕಲ್ ಅಲರ್ಜಿ ಕಾಣಲಿಲ್ಲ. ಮೊದಲೇ ಕಿವಿ ಚುಚ್ಚಿಸಿಕೊಂಡವರಲ್ಲಿ ಕಂಡಿತು. ಎಳವೆಯಲ್ಲಿ ಬಾಯಿ ಮೂಲಕ ಬಂದ ನಿಕ್ಕಲನ್ನ ದೇಹ ಸಹಿಸೋದು ಕಲಿಯುತ್ತೆ ಅಂತ ಒಂದು ವಿವರಣೆ. ನಮ್ಮಲ್ಲೋ ಕೂಸಿಗೆ ವರ್ಷ ತುಂಬೋದ್ರೊಳಗೆ ಕಿವಿ ಚುಚ್ಚಿಸಿರ್ತೀವಿ! ಅಂದಮೇಲೆ ಕ್ಲಿಪ್ ಹಾಕೋ ಮುಂಚೆ ಕಿವಿ ವಿಚಾರಿಸಬೇಕಾದವರು ನಾವೇ ಅಲ್ವಾ?

ವಿಚಾರಿಸೋಕೆ ಖರ್ಚೇನಿಲ್ಲ. ಅನುಮಾನ ಬಂದ್ರೆ ಚರ್ಮದ ಡಾಕ್ಟರ ಹತ್ರ ಪ್ಯಾಚ್ ಟೆಸ್ಟ್. ಅಲರ್ಜಿ ಇದ್ದರೂ ಎಷ್ಟೋ ಜನಕ್ಕೆ ಸ್ಟೀಲ್ ಒಗ್ಗುತ್ತೆ, ಬಾಯಿಯ ಒಳಚರ್ಮ ಹೊರಗಿನ ಚರ್ಮದಷ್ಟು ಬೇಗ ಕೆರಳಲ್ಲ. ಒಗ್ಗದವರಿಗೆ ಸೆರಾಮಿಕ್ ಅಥವಾ ಟೈಟಾನಿಯಂ ಬ್ರಾಕೆಟ್ಟು, ನಿಕ್ಕಲ್ ಇಲ್ಲದ ತಂತಿ ಇವೆ. ಕೈಗೆ ಹೆಚ್ಚು ಕಾಸು ಬೀಳಬಹುದು. ಅದನ್ನ ಮೊದಲೇ ತಿಳ್ಕೊಳ್ಳೋದು ಒಳ್ಳೇದು.

"ಇದನ್ನೆಲ್ಲಾ ಹೇಳಿದ್ರೆ ಪೇಷೆಂಟ್ ಸುಮ್ನೆ ಹೆದರ್ತಾರೆ" ಅನ್ನೋ ವಾದ ಕೇಳಿದ್ದೀನಿ. ಅಕ್ಕ ಹೆದರಿದ್ದು ಡಾಕ್ಟರು ಹೇಳಿದ್ದಕ್ಕಲ್ಲ, ಅವರು ಹೇಳದೇ ಬಿಟ್ಟ ಜಾಗದಲ್ಲಿ ವಾಟ್ಸಾಪ್ ಬಂದು ಕೂತಿದ್ದಕ್ಕೆ. ನಾನು ಕೇಳೋದು ಎರಡೇ: ಫಾರಂನಲ್ಲಿ ಓಲೆ, ವಾಚು, ಬೆಲ್ಟಿನ ಬಕಲ್ ಬಗ್ಗೆ ಒಂದು ಪ್ರಶ್ನೆ, ಬಾಯಿಗೆ ಹಾಕಿದ ಲೋಹದ ಹೆಸರು ಬರೆದ ಒಂದು ಚೀಟಿ.

ನಿಮಗೋ ನಿಮ್ಮನೆ ಮಕ್ಕಳಿಗೋ ಕ್ಲಿಪ್ ಹಾಕಿದಾಗ ಯಾರಾದ್ರೂ ಇದನ್ನ ಕೇಳಿದ್ರಾ? ಏನಂತೀರಿ?