ಬಂತಾ ಟೀಚರ್?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಣ್ಣೀರು ಒರೆಸುತ್ತಾ ಮನೆಗೆ ಬಂದಳು. ಬಿ.ಎಡ್. ಮುಗಿಸಿದ ಹುಡುಗಿ. ಶಾಲೆಯೊಂದಕ್ಕೆ ಅರ್ಜಿ ಹಾಕಿ ಸಂದರ್ಶನದ ಕರೆಗೆ ಕಾಯುತ್ತಿದ್ದಳು. ದಿನ ಕಳೆದ ಮೇಲೆ ತಿಳಿಯಿತು, ಶಾಲೆಯವರು ಇ-ಮೇಲ್ ಕಳುಹಿಸಿದ್ದರು. ಇವಳ ಪೆಟ್ಟಿಗೆ ತುಂಬಿದ್ದರಿಂದ ಅದು ಅವರಿಗೇ ವಾಪಸಾಗಿತ್ತು.

"ನಾನು ಯಾರಿಗೂ ಮೇಲ್ ಮಾಡುವುದೇ ಇಲ್ಲ ಟೀಚರ್, ತುಂಬಿದ್ದು ಹೇಗೆ?" ಎಂದಳು.

ನ್ಯಾಯವಾದ ಪ್ರಶ್ನೆ. ಉತ್ತರ ಅವಳ ಉಮ್ಮನ ಮೊಬೈಲಿನಲ್ಲಿತ್ತು.

ಆ ಜಿಮೇಲ್ ಖಾತೆ ಮಾಡಿಕೊಟ್ಟವನು ಗಲ್ಫಿನಲ್ಲಿರುವ ಅಣ್ಣ. ಹೊಸ ಫೋನು ತಂದಾಗಲೆಲ್ಲ ಅದನ್ನೇ ಹಾಕಿಕೊಟ್ಟಿದ್ದ. ಮನೆಯ ಮೂರು ಫೋನುಗಳಿಗೂ ಒಂದೇ ಖಾತೆ, ಪಾಸ್‌ವರ್ಡ್ ಮಾತ್ರ ಅವನಲ್ಲಿ. ನಮ್ಮಲ್ಲಿ ಎಷ್ಟು ಮನೆಗಳ ಕಥೆ ಇದೇ ಅಲ್ಲವೇ ಸಹೋದರಿಯರೇ?

ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ ಜಾಗ. ಅದರಲ್ಲೇ ಪತ್ರ, ಫೋಟೋ, ಡ್ರೈವ್ ಎಲ್ಲವೂ ಹಿಡಿಸಬೇಕು. ಸ್ವಲ್ಪ ಗಾತ್ರ ಇಳಿಸಿದ ಫೋಟೋಗಳನ್ನು ಮೊದಲು ಲೆಕ್ಕವಿಲ್ಲದೆ ಇಡಬಹುದಿತ್ತು, 2021ರ ಜೂನ್ 1ರಿಂದ ಅದು ನಿಂತಿತು. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಲೆಕ್ಕಕ್ಕೆ ಬರುತ್ತಿರಲಿಲ್ಲ. 2024ರಲ್ಲಿ ಅದನ್ನೂ ಸೇರಿಸಿದರು. ಹಾಗಾಗಿ ಉಮ್ಮನಿಗೆ ಬಂದ ಮದುವೆ ವೀಡಿಯೋಗಳು, ಅಡುಗೆ ವೀಡಿಯೋಗಳು, ಪ್ರತಿ ಶುಕ್ರವಾರದ ಜುಮಾ ಮುಬಾರಕ್ ಚಿತ್ರಗಳು ಸೇರಿ ಮಗಳ ಪತ್ರದ ದಾರಿ ಮುಚ್ಚಿದವು. ಎಚ್ಚರಿಕೆ ಬಂದಿತ್ತು. ಇಂಗ್ಲಿಷಿನಲ್ಲಿದ್ದ ಅದನ್ನು ಉಮ್ಮ ಬೆರಳಿನಿಂದ ಬದಿಗೆ ಸರಿಸಿದ್ದರು.

ಹಳೆಯ ನೋಕಿಯಾ ಫೋನು ನೆನಪಾಯಿತು. ಮೆಸೇಜು ತುಂಬಿದರೆ ಮೂಲೆಯಲ್ಲಿ ಪುಟ್ಟ ಲಕೋಟೆ ಮಿನುಗುತ್ತಿತ್ತು. ಒಂದೆರಡು ಅಳಿಸಿದರೆ ಕಾದಿದ್ದ ಮೆಸೇಜು ಬಂದು ಬೀಳುತ್ತಿತ್ತು. ತುಂಬಿದ ಜಿಮೇಲ್‌ನ ರೀತಿ ಬೇರೆ. ಪತ್ರ ವಾಪಸಾದದ್ದು ಕಳುಹಿಸಿದವರಿಗೆ ಗೊತ್ತಾಗುತ್ತದೆ, ಕಾಯುವವಳಿಗೆ ಗೊತ್ತಾಗುವುದಿಲ್ಲ. ಆಮೇಲೆ ಜಾಗ ಮಾಡಿದರೂ ಹೋದ ಪತ್ರ ತಾನಾಗಿ ಬರುವುದಿಲ್ಲ.

ಅಣ್ಣನಿಗೆ ಫೋನು ಮಾಡಿ ಪಾಸ್‌ವರ್ಡ್ ಪಡೆದು ಮೂವರೂ ಕುಳಿತೆವು. ವಾಟ್ಸಾಪ್ ಸೆಟ್ಟಿಂಗ್ಸಿನ 'ಸ್ಟೋರೇಜ್' ಭಾಗದಲ್ಲಿ ದೊಡ್ಡ ಫೈಲುಗಳು, ಹಲವು ಸಲ ಫಾರ್ವರ್ಡ್ ಆದವು ಬೇರೆಯಾಗಿ ಕಾಣುತ್ತವೆ. ಮೊದಲು ಅವನ್ನು ಅಳಿಸಿದೆವು, ಬ್ಯಾಕಪ್‌ನಲ್ಲಿ ವೀಡಿಯೋ ಬೇಡವೆಂದು ಹೇಳಿ ಹೊಸದಾಗಿ ಬ್ಯಾಕಪ್ ಮಾಡಿದೆವು. ಜಿಮೇಲ್‌ನಲ್ಲಿ ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲೇ ಕುಳಿತು ಜಾಗ ತಿನ್ನುತ್ತದೆ, ಅದನ್ನೂ ಖಾಲಿ ಮಾಡಬೇಕು. ಗೂಗಲ್ ಫೋಟೋಸ್‌ನಲ್ಲಿ ಮಾತ್ರ ಆತುರ ಬೇಡ. ಅಲ್ಲಿ ಅಳಿಸಿದ ಚಿತ್ರ ಫೋನಿನಿಂದಲೂ ಹೋಗಬಹುದು. ಬೇಕಾದದ್ದನ್ನು ಮೊದಲು ಬೇರೆ ಕಡೆ ಇಟ್ಟುಕೊಳ್ಳಿ.

ನಡುವೆ ಉಮ್ಮ ನನ್ನ ಕೈ ಹಿಡಿದರು. "ಅದೊಂದು ಬೇಡ." ತೀರಿಹೋದ ಗಂಡ ಆಸ್ಪತ್ರೆಯಿಂದ ಕಳುಹಿಸಿದ ಧ್ವನಿ ಸಂದೇಶಗಳು. ಅವು ಹಿಡಿಯುವ ಜಾಗ ಬಹಳ ಕಡಿಮೆ. ಒಂದು ಮದುವೆ ವೀಡಿಯೋ ತೆಗೆದರೆ ಅವರ ಮಾತುಗಳಷ್ಟೂ ಉಳಿಯುತ್ತವೆ ಎಂದಾಗ ಉಮ್ಮ ತಾವೇ ವೀಡಿಯೋಗಳನ್ನು ಒತ್ತಿ ಒತ್ತಿ ಅಳಿಸತೊಡಗಿದರು.

ಆ ಕೆಲಸ ಬೇರೆಯವರಿಗೆ ಸಿಕ್ಕಿತು. ಹುಡುಗಿ ಮಾತ್ರ ಅಂದೇ ತನ್ನ ಹೆಸರಿನಲ್ಲಿ, ತಾನೇ ಆರಿಸಿದ ಪಾಸ್‌ವರ್ಡ್ ಕೊಟ್ಟು ಹೊಸ ಖಾತೆ ತೆರೆದಳು. ಅರ್ಜಿಗಳಿಗೆ ಮಾತ್ರ ಅದು. ರಾತ್ರಿ ಮೊದಲ ಪತ್ರ ನನಗೇ ಬಂತು. ಒಂದೇ ಸಾಲು: "ಬಂತಾ ಟೀಚರ್?"