ಮಂಗನ ಕಾಯಿಲೆ: ಹೆಸರೂ ಹೊಣೆಯೂ

ಹೆಸರಿಡುವಲ್ಲಿ ಲೋಕವು ಎಷ್ಟೋ ವೇಳೆ ಅವಸರಪಡುತ್ತದೆ. ಮಲೆನಾಡಿನ ‘ಮಂಗನ ಕಾಯಿಲೆ’ ಎಂಬ ಹೆಸರು ಅಂತಹ ಅವಸರದ ಫಲ. ಈ ವ್ಯಾಧಿಯನ್ನು ಮನುಷ್ಯನಿಗೆ ತಗುಲಿಸುವುದು ಕಾಡಿನ ತರಗೆಲೆಗಳ ನಡುವೆ ಅಡಗಿರುವ, ಸಾಸಿವೆ ಕಾಳಿನಷ್ಟು ಚಿಕ್ಕದಾದ ಉಣುಗು. ಮಂಗವಾದರೋ ಅದೇ ಉಣುಗಿನ ಕಡಿತದಿಂದ ಮನುಷ್ಯನಿಗಿಂತ ಮೊದಲೇ ಪ್ರಾಣ ನೀಗುವ ಬಡಜೀವಿ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಸುತ್ತಲಿನ ನೆಲವನ್ನು ಅಪಾಯಕರವಾಗಿಸುವುದು ದಿಟ. ಆದರೆ ಅದು ಮಂಗದ ಅಪರಾಧವಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗರು ತೀವ್ರಜ್ವರ, ತಲೆನೋವು, ಮೈಕೈನೋವುಗಳಿಂದ ಹಾಸಿಗೆ ಹಿಡಿದರು. ಹಳದಿ ಜ್ವರವಿರಬಹುದೆಂದು ಮೊದಲು ಶಂಕಿಸಿದ ವಿಜ್ಞಾನಿಗಳು, ಪರೀಕ್ಷಿಸಿ ನೋಡಲಾಗಿ, ಅದು ಅದುವರೆಗೆ ಯಾರೂ ಅರಿಯದಿದ್ದ ವೈರಸ್ಸೆಂದು ನಿರ್ಣಯಿಸಿದರು. ಸಣ್ಣ ಊರೊಂದರ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿದ್ದು ಹೀಗೆ.

ಆರು ದಶಕಗಳಿಗೂ ಮಿಕ್ಕ ಕಾಲ ಕಳೆದಿದೆ. ರೋಗಕಾರಣವು ತಿಳಿದಿದೆ, ಆದರೆ ಅದನ್ನು ನೇರವಾಗಿ ಅಳಿಸುವ ಔಷಧವು ಇಂದಿಗೂ ದೊರೆತಿಲ್ಲ. ಬಹುಕಾಲ ಬಳಕೆಯಲ್ಲಿದ್ದ ಲಸಿಕೆಯು ಸಾಕಷ್ಟು ರಕ್ಷಣೆ ನೀಡದುದರಿಂದ 2022ರಲ್ಲಿ ಅದನ್ನು ಕೊಡುವುದು ನಿಂತಿತು. ರೋಗಿಗಳಲ್ಲಿ ನೂರಕ್ಕೆ 3ರಿಂದ 5 ಮಂದಿ ಅಸುನೀಗುತ್ತಾರೆ. ಚಂದ್ರಲೋಕವನ್ನು ಮುಟ್ಟಿದ ಮಾನವನು ಎಲೆಯಡಿಯ ಉಣುಗಿಗೆ ಇನ್ನೂ ಅಂಜಬೇಕಾಗಿದೆ.

ಆದರೆ ಈ ಅಂಜಿಕೆಯು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ರೋಗವು ಹೆಚ್ಚುವ ಕಾಲದಲ್ಲಿಯೇ, ಬಡವರು ಸೌದೆಗೆಂದು, ದರಗಿಗೆಂದು, ಸೊಪ್ಪಿಗೆಂದು ಕಾಡನ್ನು ಹೊಗುತ್ತಾರೆ. “ಕಾಡಿಗೆ ಹೋಗಬೇಡಿ” ಎಂದು ಸಾರುವುದು ಸುಲಭ. ಹೋಗದಿದ್ದರೆ ಒಲೆ ಉರಿಯುವುದು ಹೇಗೆ, ಕೂಲಿ ಹುಟ್ಟುವುದು ಹೇಗೆ ಎಂಬುದಕ್ಕೂ ಸಾರುವವರೇ ಉತ್ತರ ಹೇಳಬೇಕು. ಆ ತಿಂಗಳುಗಳಲ್ಲಿ ಉರುವಲು, ಬದಲಿ ಕೆಲಸ, ಮೈಗೆ ಹಚ್ಚುವ ಉಣುಗುನಿರೋಧಕ ತೈಲ, ಕೈಗೆಟುಕುವ ಆಸ್ಪತ್ರೆ ಇವುಗಳನ್ನು ಒದಗಿಸುವುದು ಅನುಗ್ರಹವಲ್ಲ, ಸಮಾಜದ ಋಣ. ಕಾಯಕವನ್ನು ಕೊಂಡಾಡುವ ನಾಡು ಕಾಯಕಜೀವಿಯ ಕಾಯವನ್ನೂ ಕಾಯಬೇಕಲ್ಲವೆ? ದಾಸೋಹವೆಂಬುದು ಅನ್ನದ ಪಂಕ್ತಿಯಲ್ಲಿಯೇ ಮುಗಿಯತಕ್ಕದ್ದಲ್ಲ.

ವಿದ್ಯಾರ್ಥಿಗಳಿಗೂ ಇಲ್ಲಿ ಕರ್ತವ್ಯವುಂಟು. ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಮರೆಮಾಚದೆ, ಒಡನೆಯೇ ಹಿರಿಯರಿಗೂ ಆರೋಗ್ಯ ಕೇಂದ್ರಕ್ಕೂ ತಿಳಿಸತಕ್ಕದ್ದು. ಕಾಡಿನಿಂದ ಬಂದವರು ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸುವಂತೆ ಮನೆಯಲ್ಲಿ ಹೇಳತಕ್ಕದ್ದು. ಮೂಕಪ್ರಾಣಿಯು ತನ್ನ ಸಾವಿನಿಂದ ಕೊಡುವ ಮುನ್ನೆಚ್ಚರಿಕೆಯನ್ನು ಓದಲಾರದ ವಿದ್ಯೆಯು ಎಷ್ಟಿದ್ದರೇನು?